ತಲೆಸುತ್ತಿನ ಮಾತ್ರೆ: ಐದು ದಿನಕ್ಕೆ ಬರೆದದ್ದು ಐದು ವರ್ಷ ನಡೆಯುವುದೇಕೆ?

ಮಾತ್ರೆಯ ಸ್ಟ್ರಿಪ್‌ನ ಒಂದು ಫೋಟೊ. ಅದರ ಕೆಳಗೆ ಎರಡು ಸಾಲು: "ತಲೆಸುತ್ತು ಬಂದರೆ ಇದನ್ನು ತಗೊಳ್ಳಿ, ತಕ್ಷಣ ಗುಣ. ನಮ್ಮ ಮನೆಯವರಿಗೂ ಆಗಿದೆ, ಎಲ್ಲರಿಗೂ ಕಳಿಸಿ." ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಕುಟುಂಬದ ಗ್ರೂಪಾಗಲಿ, ಸಂಘದ ಗ್ರೂಪಾಗಲಿ, ಇಂಥದ್ದೊಂದು ಸಂದೇಶ ನೋಡದವರು ಕಡಿಮೆ.

ನಾವು ಸಾಮಾನ್ಯವಾಗಿ ಪರಿಶೀಲಿಸುವ ಆರೋಗ್ಯದ ಫಾರ್ವರ್ಡ್‌ಗಳಲ್ಲಿ ಎಲ್ಲೋ ಒಂದು ಕಡೆ ಸುಳ್ಳು ಇರುತ್ತದೆ. ಈರುಳ್ಳಿ ರಸದಿಂದ ಕ್ಯಾನ್ಸರ್ ಮಾಯ ಎನ್ನುವ ತರಹದ್ದು. ಇದು ಹಾಗಲ್ಲ. ಮಾತ್ರೆ ನಿಜವಾದದ್ದು, ಅದನ್ನು ವೈದ್ಯರೇ ಬರೆದಿರುತ್ತಾರೆ, ತಿಂದವರಿಗೆ ಆರಾಮವೂ ಆಗಿರುತ್ತದೆ. ಹಾಗಾಗಿಯೇ ಜನ ನಂಬುತ್ತಾರೆ. ಆದರೆ ಮೂರು ವಿಷಯ ಆ ಫೋಟೊದಲ್ಲಿ ಕಾಣುವುದಿಲ್ಲ: ಮಾತ್ರೆ ಬರೆದದ್ದು ಯಾರಿಗೆ, ಯಾವ ಬಗೆಯ ತಲೆಸುತ್ತಿಗೆ, ಎಷ್ಟು ದಿನಕ್ಕೆ. ತೊಂದರೆ ಹುಟ್ಟುವುದು ಈ ಮೂರರಲ್ಲೇ.

ಒಂದೇ ಮಾತು, ಹತ್ತು ಕಾಯಿಲೆ

"ತಲ ತಿರುಗ್ತದ ಕನಪ್ಪ" ಎಂದು ಹಿರಿಯರು ಹೇಳಿದಾಗ ಅವರಿಗೆ ಏನಾಗುತ್ತಿದೆ ಎಂಬುದು ಆ ಮಾತಿನಿಂದ ಗೊತ್ತಾಗುವುದಿಲ್ಲ. ಮನೆಯ ಗೋಡೆ, ಸೂರು ಗಿರಗಿರನೆ ತಿರುಗಿದಂತೆ ಕಾಣುವುದು ಒಂದು. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಕಟ್ಟಿ ಬವಳಿ ಬಂದಂತಾಗುವುದು ಇನ್ನೊಂದು. ನಡೆಯುವಾಗ ಕಾಲು ನಿಲ್ಲದೆ ಓಲಾಡುವುದು ಮತ್ತೊಂದು. ತಲೆ ಹಗುರಾಗಿ ಏನೋ ತೇಲಿದಂತೆ ಎನಿಸುವುದೂ ಇದೆ. ಕನ್ನಡದಲ್ಲಿ ನಾವು ಈ ನಾಲ್ಕಕ್ಕೂ ತಲೆಸುತ್ತು ಎಂದೇ ಅನ್ನುತ್ತೇವೆ. ವೈದ್ಯರು ವರ್ಟಿಗೊ ಎಂದು ಕರೆಯುವುದು ಮೊದಲನೆಯದನ್ನು ಮಾತ್ರ.

ಈ ವ್ಯತ್ಯಾಸ ಯಾಕೆ ಮುಖ್ಯ ಎಂದರೆ, ಎದ್ದಾಗ ಕಣ್ಣು ಕತ್ತಲೆ ಕಟ್ಟುವುದಕ್ಕೆ ಕಾರಣ ಬಹುಮಟ್ಟಿಗೆ ಕಿವಿಯಲ್ಲಿ ಇರುವುದಿಲ್ಲ. ರಕ್ತದೊತ್ತಡದ ಮಾತ್ರೆಯ ಪ್ರಮಾಣ ಹೆಚ್ಚಾಗಿರಬಹುದು, ರಕ್ತಹೀನತೆ ಇರಬಹುದು, ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ಬಿಟ್ಟಿರಬಹುದು, ಹೃದಯದ ಬಡಿತ ತಪ್ಪುತ್ತಿರಬಹುದು. ಶಿವರಾತ್ರಿಗೆ ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟವರು ಬಿಸಿಲಲ್ಲಿ, ಉಪವಾಸದಲ್ಲಿ, ನೀರು ಕುಡಿಯದೆ ನಡೆದು ತಲೆ ತಿರುಗಿ ಕೂತರೆ ಅವರ ಒಳಕಿವಿ ಸರಿಯಾಗಿಯೇ ಇರುತ್ತದೆ. ಅವರಿಗೆ ಬೇಕಾದದ್ದು ನೆರಳು, ನೀರು, ಒಂದಿಷ್ಟು ಆಹಾರ. ಬಿಳಿಗಿರಿರಂಗನ ಬೆಟ್ಟದ ಸೀಮೆಯ ಸೋಲಿಗ ಸಮುದಾಯದಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇರುವುದು ದಾಖಲಾಗಿದೆ. ಅಂಥ ಮನೆಯ ಹೆಣ್ಣುಮಗಳಿಗೆ ಸುಸ್ತು, ತಲೆಸುತ್ತು ಎಂದರೆ ಮೊದಲು ನೋಡಬೇಕಾದದ್ದು ರಕ್ತವನ್ನು. ಇವರಲ್ಲಿ ಯಾರಿಗೇ ವರ್ಟಿಗೊ ಮಾತ್ರೆ ಕೊಟ್ಟರೂ ಮಂಪರು ಬಂದು ಮಲಗುತ್ತಾರೆ, ಅಷ್ಟೆ. ಮಲಗಿದ್ದನ್ನು ನೋಡಿ "ಗುಣವಾಯಿತು" ಎಂದು ಇನ್ನೊಂದು ಫಾರ್ವರ್ಡ್ ಹೊರಡುತ್ತದೆ.

ಕಿವಿಯೊಳಗೆ ನಡೆಯುವುದೇನು?

ಎರಡೂ ಒಳಕಿವಿಗಳಲ್ಲಿ ಮೂರು ಮೂರು ಅರ್ಧವೃತ್ತದ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ಅಲ್ಲಾಡಿದರೆ ದ್ರವ ಅಲ್ಲಾಡುತ್ತದೆ, ಆ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ನಾಳಗಳ ಪಕ್ಕದ ಪುಟ್ಟ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿರುತ್ತವೆ. ವಯಸ್ಸಾದಂತೆ, ಅಥವಾ ತಲೆಗೆ ಪೆಟ್ಟು ಬಿದ್ದಾಗ, ಕೆಲವು ಹರಳು ಕಳಚಿ ನಾಳದೊಳಗೆ ಜಾರುತ್ತವೆ. ಆಮೇಲೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ, ಅಟ್ಟದ ಮೇಲಿನ ಡಬ್ಬ ತೆಗೆಯಲು ಕತ್ತೆತ್ತಿದರೆ, ಲೋಕವೇ ಗಿರ್ರೆಂದು ತಿರುಗುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಇದನ್ನು ಬಿಪಿಪಿವಿ ಎನ್ನುತ್ತಾರೆ. ವರ್ಟಿಗೊಗೆ ಅತಿ ಸಾಮಾನ್ಯ ಕಾರಣ ಇದೇ.

ಈಗ ಯೋಚಿಸಿ: ತಪ್ಪು ಜಾಗಕ್ಕೆ ಜಾರಿದ ಹರಳನ್ನು ಯಾವ ಮಾತ್ರೆ ಎತ್ತಿ ಹಿಂದಕ್ಕೆ ಇಡುತ್ತದೆ? ಯಾವುದೂ ಇಲ್ಲ. ಅದಕ್ಕಿರುವ ಚಿಕಿತ್ಸೆ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳು ಹೊರಗೆ ಜಾರುವಂತೆ ಮಾಡುವುದು. ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಅವರದೇ ಹೆಸರಿದೆ. ಕೆಲವೇ ನಿಮಿಷದ ಕೆಲಸ. ಹೆಚ್ಚಿನವರಿಗೆ ಒಂದೆರಡು ಸಲ ಮಾಡುವಷ್ಟರಲ್ಲಿ ತಿರುಗುವುದು ನಿಲ್ಲುತ್ತದೆ, ಮುಂದೆ ಎಂದಾದರೂ ಮರುಕಳಿಸಿದರೆ ಮತ್ತೆ ಮಾಡಬಹುದು. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘಟನೆ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ, ಬಿಪಿಪಿವಿಗೆ ತಲೆಸುತ್ತು ತಡೆಯುವ ಮಾತ್ರೆಗಳನ್ನು ರೂಢಿಯಂತೆ ಕೊಡಬಾರದು ಎಂದೇ ಹೇಳುತ್ತದೆ.

ಇದರ ವಿಡಿಯೊಗಳೂ ಹರಿದಾಡುತ್ತಿವೆ. ಮೊದಲ ಸಲಕ್ಕೆ ಅವುಗಳನ್ನು ನೋಡಿಕೊಂಡು ಮನೆಯಲ್ಲಿ ಮಾಡುವುದು ಬೇಡ. ಹರಳು ಯಾವ ಕಿವಿಯಲ್ಲಿ, ಯಾವ ನಾಳದಲ್ಲಿದೆ ಎಂದು ಪರೀಕ್ಷಿಸಿಯೇ ಯಾವ ಕಡೆ ತಿರುಗಿಸಬೇಕೆಂದು ತೀರ್ಮಾನಿಸಬೇಕು. ಕುತ್ತಿಗೆಯಲ್ಲಿ ಗಂಭೀರ ತೊಂದರೆ ಇರುವವರಿಗೆ ಇದನ್ನು ಮಾಡುವ ಕ್ರಮವೇ ಬೇರೆ.

ಉಳಿದ ಒಳಕಿವಿ ಕಾಯಿಲೆಗಳು ಬೇರೆ ರೀತಿ ಕಾಣಿಸಿಕೊಳ್ಳುತ್ತವೆ. ಸಮತೋಲನದ ನರ ಊದಿಕೊಂಡರೆ ತಿರುಗುವುದು ದಿನಗಟ್ಟಲೆ ಬಿಡದೆ ಇರುತ್ತದೆ, ವಾಂತಿಯೂ ಜೊತೆಗೆ. ಮೆನಿಯರ್ ಕಾಯಿಲೆಯಲ್ಲಿ ಇಪ್ಪತ್ತು ನಿಮಿಷದಿಂದ ಹಲವು ಗಂಟೆಯವರೆಗೆ ತಿರುಗುತ್ತದೆ. ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ಕಿವಿ ತುಂಬಿಕೊಂಡಂತೆ, ಕೇಳಿಸುವುದು ಕಡಿಮೆ. ಮೈಗ್ರೇನ್ ಇರುವವರಿಗೂ ತಲೆನೋವಿನ ಜೊತೆ ಅಥವಾ ತಲೆನೋವಿಲ್ಲದೆಯೇ ವರ್ಟಿಗೊ ಬರುತ್ತದೆ. ಒಂದೊಂದರ ಚಿಕಿತ್ಸೆ ಒಂದೊಂದು ತರ.

ಮಾತ್ರೆಗಳು ಮಾಡುವ ಕೆಲಸ

ನಮ್ಮ ಕಡೆ ಹೆಚ್ಚಾಗಿ ಕಾಣುವುದು ಮೂರು ಔಷಧ. ಸಿನ್ನರಿಜಿನ್, ಸ್ಟುಜೆರಾನ್ ಎಂಬ ಹೆಸರಲ್ಲಿ ಪರಿಚಿತ. ಪ್ರೊಕ್ಲೋರ್‌ಪೆರಜಿನ್, ಸ್ಟೆಮೆಟಿಲ್ ಎಂದರೆ ಅಂಗಡಿಯವರಿಗೆ ಗೊತ್ತು. ಬೀಟಾಹಿಸ್ಟಿನ್, ವರ್ಟಿನ್ ಮೊದಲಾದ ಹೆಸರುಗಳಲ್ಲಿ ಬರುತ್ತದೆ.

ಮೊದಲ ಎರಡು, ಒಳಕಿವಿಯಿಂದ ಬರುವ ಗೊಂದಲದ ಸುದ್ದಿಯ ಸದ್ದಡಗಿಸುವ ಔಷಧಗಳು. ತಲೆ ಎತ್ತಲಾಗದೆ ವಾಂತಿ ಮಾಡಿಕೊಳ್ಳುತ್ತಿರುವವರಿಗೆ ಮೊದಲ ಎರಡು ಮೂರು ದಿನ ಇವು ದೊಡ್ಡ ಉಪಕಾರ. ಅದರಲ್ಲಿ ಅನುಮಾನವಿಲ್ಲ. ಆದರೆ ಮಿದುಳಿಗೂ ಒಂದು ಕೆಲಸವಿದೆ. ಒಂದು ಕಿವಿಯ ಸಮತೋಲನ ಕೆಟ್ಟಾಗ ಅದು ಇನ್ನೊಂದು ಕಿವಿ, ಕಣ್ಣು, ಪಾದಗಳಿಂದ ಬರುವ ಸುದ್ದಿಯನ್ನು ಲೆಕ್ಕಕ್ಕೆ ಹಿಡಿದು ಹೊಸದಾಗಿ ಸಮತೋಲನ ಕಲಿಯುತ್ತದೆ. ಕಲಿಯಬೇಕಾದರೆ ಅದಕ್ಕೆ ಗೊಂದಲದ ಸುದ್ದಿಯೂ ತಲುಪಬೇಕು, ರೋಗಿ ಎದ್ದು ಓಡಾಡಲೂಬೇಕು. ಮಾತ್ರೆ ಮುಂದುವರಿಸಿದಷ್ಟೂ ಈ ಕಲಿಕೆ ತಡವಾಗುತ್ತದೆ. ಕಲಿಕೆ ತಡವಾದ್ದರಿಂದ ತಲೆಸುತ್ತು ಉಳಿಯುತ್ತದೆ. ತಲೆಸುತ್ತು ಉಳಿದದ್ದರಿಂದ ಇನ್ನೊಂದು ಸ್ಟ್ರಿಪ್ ತರುತ್ತಾರೆ. ವೈದ್ಯರು ಐದು ದಿನಕ್ಕೆ ಬರೆದದ್ದು ಹೀಗೆಯೇ ಐದು ವರ್ಷ ನಡೆಯುವುದು. ಹಳೆ ಚೀಟಿ, ಅಥವಾ ಖಾಲಿ ಸ್ಟ್ರಿಪ್ ತೋರಿಸಿದರೆ ಮಾತ್ರೆ ಸಿಗುತ್ತದೆ. ವೈದ್ಯರ ಮುಖ ಮತ್ತೆ ನೋಡಬೇಕಾದ ಪ್ರಮೇಯವೇ ಬರುವುದಿಲ್ಲ.

ವರ್ಷಗಟ್ಟಲೆ ನುಂಗಿದರೆ ಏನಾಗುತ್ತದೆ? ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ ಎರಡೂ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯಬಲ್ಲವು. ಮೈಗ್ರೇನಿಗೆ ಕೊಡುವ ಫ್ಲೂನರಿಜಿನ್ ಕೂಡ ಇದೇ ಜಾತಿಯದು. ದೀರ್ಘಕಾಲ ತೆಗೆದುಕೊಂಡ ಕೆಲವರಿಗೆ, ಮುಖ್ಯವಾಗಿ ವಯಸ್ಸಾದವರಿಗೆ, ಕೈ ನಡುಗುವುದು, ಹೆಜ್ಜೆ ಚಿಕ್ಕದಾಗುವುದು, ಮುಖದ ಭಾವ ಬತ್ತುವುದು, ಎದ್ದು ಕೂರುವುದು ನಿಧಾನವಾಗುವುದು ಶುರುವಾಗುತ್ತದೆ. ಥೇಟ್ ಪಾರ್ಕಿನ್ಸನ್ ಕಾಯಿಲೆಯ ಹಾಗೆ. ಮನೆಯವರು "ವಯಸ್ಸಾಯಿತು" ಎಂದುಕೊಳ್ಳುತ್ತಾರೆ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗಲೂ ದಿಂಬಿನ ಕೆಳಗಿರುವ ಸ್ಟ್ರಿಪ್ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಔಷಧ ನಿಂತ ಮೇಲೆ ವಾರಗಳಲ್ಲಿ, ತಿಂಗಳುಗಳಲ್ಲಿ ಬಹಳ ಜನ ಸುಧಾರಿಸುತ್ತಾರೆ, ಎಲ್ಲರೂ ಅಲ್ಲ. ಹಾಗೆಂದು ಈ ಲೇಖನ ಓದಿ ಇವತ್ತೇ ಮಾತ್ರೆ ಎಸೆಯಬೇಡಿ. ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ಹೇಗೆ ಬಿಡಬೇಕೆಂದು ವೈದ್ಯರೇ ಹೇಳಬೇಕು.

ಪ್ರೊಕ್ಲೋರ್‌ಪೆರಜಿನ್‌ನಿಂದ ಎಳೆಯ ವಯಸ್ಸಿನವರಿಗೆ ಇನ್ನೊಂದು ಬಗೆಯ ತೊಂದರೆ ಆಗುವುದುಂಟು. ಒಂದೆರಡು ಡೋಸಿಗೇ ಕತ್ತು ಒಂದು ಕಡೆ ಸೊಟ್ಟಗೆ ಎಳೆದುಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಗೆ ಹೊರಳುವುದಿಲ್ಲ. ನೋಡಿದವರು ಗಾಳಿ ಸೋಕಿತು ಎಂದು ಹೆದರಿ ಎಲ್ಲೆಲ್ಲೋ ಓಡಬೇಕಿಲ್ಲ. ಆಸ್ಪತ್ರೆಯಲ್ಲಿ ಇದಕ್ಕೆ ಇಂಜೆಕ್ಷನ್ ಇದೆ, ಬೇಗ ಸರಿಹೋಗುತ್ತದೆ. ನುಂಗಿದ ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ, ವೈದ್ಯರಿಗೆ ಅದೇ ಸುಳಿವು.

ಬೀಟಾಹಿಸ್ಟಿನ್ ಕಥೆ ಬೇರೆ. ಇದು ಮಂಪರು ತರುವುದು ಕಡಿಮೆ, ಹಾಗಾಗಿ "ಏನೂ ಆಗಲ್ಲ" ಎಂಬ ಹೆಸರು ಗಳಿಸಿದೆ. ಮೂಲತಃ ಇದು ಮೆನಿಯರ್ ಕಾಯಿಲೆಯ ಔಷಧ. ಆ ಕಾಯಿಲೆಯಲ್ಲೂ ಎಷ್ಟು ಉಪಯೋಗ ಎಂಬ ಚರ್ಚೆ ಮುಗಿದಿಲ್ಲ. ಜರ್ಮನಿಯಲ್ಲಿ 221 ರೋಗಿಗಳ ಮೇಲೆ ಒಂಬತ್ತು ತಿಂಗಳು ನಡೆದು 2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ಡೋಸು, ಹೆಚ್ಚು ಡೋಸು, ಔಷಧವೇ ಇಲ್ಲದ ಮಾತ್ರೆ, ಮೂರೂ ಗುಂಪುಗಳಲ್ಲಿ ತಲೆಸುತ್ತು ಒಂದೇ ತರ ಕಡಿಮೆಯಾಯಿತು. ಅಮೆರಿಕದಲ್ಲಿ ಇದು ಅನುಮೋದಿತ ಔಷಧವಲ್ಲ. ಯುರೋಪಿನಲ್ಲಿ, ನಮ್ಮಲ್ಲಿ ಬಳಕೆಯಲ್ಲಿದೆ. ನಿಮಗೆ ವೈದ್ಯರು ಬರೆದಿದ್ದರೆ ಅವರ ಲೆಕ್ಕಾಚಾರ ಇರುತ್ತದೆ, ಕೇಳಿ ತಿಳಿಯಿರಿ. ಆದರೆ ಯಾವ ತಲೆಸುತ್ತಿಗಾದರೂ ಸೈ ಎಂದು ಫಾರ್ವರ್ಡ್ ಮಾಡುವಂಥ ಔಷಧ ಇದಲ್ಲ. ಊಟದ ಜೊತೆ ತೆಗೆದುಕೊಳ್ಳದಿದ್ದರೆ ಹೊಟ್ಟೆ ಕೆಡಿಸುತ್ತದೆ. ಹೊಟ್ಟೆಹುಣ್ಣು, ಉಬ್ಬಸ ಇರುವವರು ಮೊದಲೇ ವೈದ್ಯರಿಗೆ ಹೇಳಬೇಕು. ಅಡ್ರಿನಲ್ ಗ್ರಂಥಿಯ ಫಿಯೋಕ್ರೋಮೊಸೈಟೋಮ ಎಂಬ ಅಪರೂಪದ ಗಡ್ಡೆ ಇರುವವರಿಗೆ ಕೊಡಲೇಬಾರದು.

ಒಂದೇ ಔಷಧ, ಎರಡು ಹೆಸರು

ನಮ್ಮ ಮಟ್ಟಿಗೆ ಅತಿ ಸುಲಭವಾಗಿ ತಪ್ಪಿಸಬಹುದಾದ ಅಪಾಯ ಇದು. ಕೊಳ್ಳೇಗಾಲದ ವೈದ್ಯರು ಒಂದು ಕಂಪನಿಯ ಮಾತ್ರೆ ಬರೆದಿರುತ್ತಾರೆ, ಮೈಸೂರಿನ ವೈದ್ಯರು ಇನ್ನೊಂದು ಕಂಪನಿಯದು, ಜನೌಷಧಿ ಕೇಂದ್ರದಲ್ಲಿ ಮೂರನೆಯ ಹೊದಿಕೆಯಲ್ಲಿ ಸಿಗುತ್ತದೆ. ಹೆಸರು ಬೇರೆ ಬೇರೆ, ಒಳಗಿನ ಔಷಧ ಒಂದೇ. ರೋಗಿ ಮೂರನ್ನೂ ನುಂಗುತ್ತಾರೆ. ಸಿನ್ನರಿಜಿನ್ ಒಂದೇ ಇರುವ ಮಾತ್ರೆ ಇದೆ, ಡೈಮೆನ್‌ಹೈಡ್ರಿನೇಟ್ ಸೇರಿಸಿದ ಜೋಡಿ ಮಾತ್ರೆಯೂ ಇದೆ. ಎರಡೂ ಮನೆಯಲ್ಲಿದ್ದರೆ ಡೋಸು ದುಪ್ಪಟ್ಟು. ಆ ಜೋಡಿ ಮಾತ್ರೆ ಗ್ಲಾಕೋಮ ಇರುವವರಿಗೆ, ಪ್ರಾಸ್ಟೇಟ್ ಊದಿ ಮೂತ್ರ ಕಟ್ಟುವ ಗಂಡಸರಿಗೆ ಆಗಿಬರುವುದಿಲ್ಲ.

ಸ್ಟ್ರಿಪ್ಪಿನ ಮೇಲೆ ದೊಡ್ಡಕ್ಷರದ ಹೆಸರಿನ ಹತ್ತಿರ ಸಣ್ಣಕ್ಷರದಲ್ಲಿ ಔಷಧದ ನಿಜವಾದ ಹೆಸರಿರುತ್ತದೆ. ಅದನ್ನು ಓದಿಸಿಕೊಳ್ಳಿ. ಪಕ್ಕದ ಅಂಕಿಯನ್ನೂ ನೋಡಿ: ಬೀಟಾಹಿಸ್ಟಿನ್ 8, 16, 24 ಮಿಲಿಗ್ರಾಂ ಎಂದು ಬರುತ್ತದೆ, ಸಿನ್ನರಿಜಿನ್ 25 ಮತ್ತು 75. ಫೋಟೊ ನೋಡಿ ಹೆಸರು ಮಾತ್ರ ಹೇಳಿ ತಂದರೆ ಮೂರು ಪಟ್ಟು ಡೋಸು ಕೈಗೆ ಬರುವುದು ಕಷ್ಟವೇನಲ್ಲ. ಆರ್‌ಎಕ್ಸ್ ಎಂಬ ಗುರುತು ಇದ್ದರೆ ಅದು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧ. ಶೀತಕ್ಕೆ, ಅಲರ್ಜಿಗೆ ನುಂಗುವ ಮಾತ್ರೆಯ ವಿಷಯವನ್ನೂ ವೈದ್ಯರಿಗೆ ಹೇಳಿ. ಬೀಟಾಹಿಸ್ಟಿನ್ ಹಿಸ್ಟಮಿನ್‌ನ ರೀತಿ ಕೆಲಸ ಮಾಡುವಂಥದ್ದು, ಅಲರ್ಜಿ ಮಾತ್ರೆ ಹಿಸ್ಟಮಿನ್ ತಡೆಯುವಂಥದ್ದು. ಒಂದಕ್ಕೊಂದು ಅಡ್ಡ ಬರಬಹುದು.

ಬಸ್ಸು, ಬೈಕು, ಅಟ್ಟಣೆ

ಹನೂರು ದಾಟಿ ಮಾದಪ್ಪನ ಬೆಟ್ಟದ ತಿರುವುಗಳಲ್ಲಿ ಬಸ್ಸು ಹತ್ತುವಾಗ ಬರುವ ವಾಂತಿ, ತಲೆಸುತ್ತು ಕಾಯಿಲೆಯಲ್ಲ. ಕಣ್ಣು ಸೀಟನ್ನು ನೋಡುತ್ತಾ "ಕೂತಿದ್ದೇವೆ" ಎನ್ನುತ್ತದೆ, ಕಿವಿ "ತಿರುಗುತ್ತಿದ್ದೇವೆ" ಎನ್ನುತ್ತದೆ. ಮಿದುಳಿಗೆ ಇಬ್ಬರ ಮಾತೂ ಹೊಂದುವುದಿಲ್ಲ. ಮೊಬೈಲ್ ಒಳಗಿಟ್ಟು ಮುಂದಿನ ಸೀಟಿನಲ್ಲಿ ಕೂತು ದೂರದ ದಾರಿ ನೋಡಿದರೆ ಎಷ್ಟೋ ಜನಕ್ಕೆ ಮಾತ್ರೆಯೇ ಬೇಡ. ಬೇಕೇಬೇಕು ಎನ್ನುವವರು ವೈದ್ಯರನ್ನು ಕೇಳಿ ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ಅಷ್ಟು ಪ್ರಯೋಜನವಿಲ್ಲ. ದೊಡ್ಡವರ ಮಾತ್ರೆ ಮುರಿದು ಮಕ್ಕಳಿಗೆ ಕೊಡಬೇಡಿ. ಗಾಡಿ ಓಡಿಸುವವರಂತೂ ನುಂಗಲೇಬಾರದು.

ಮಂಪರಿನ ವಿಷಯವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕಾಡಂಚಿನ ಊರುಗಳಲ್ಲಿ ರಾತ್ರಿ ಆನೆ, ಹಂದಿ ಕಾಯಲು ಅಟ್ಟಣೆ ಹತ್ತುವವರು, ಬೆಳಗಿನ ಜಾವ ಬೈಕಿನಲ್ಲಿ ಹಾಲು ಹಾಕಲು ಹೋಗುವವರು, ತೆಂಗಿನ ಮರ ಏರುವವರು ಈ ಮಾತ್ರೆ ತೆಗೆದುಕೊಳ್ಳುವ ದಿನಗಳಲ್ಲಿ ಆ ಕೆಲಸ ಬೇರೆಯವರಿಗೆ ಒಪ್ಪಿಸಬೇಕು. ಮದ್ಯದ ಜೊತೆ ಸೇರಿದರೆ ಮಂಪರು ಇನ್ನೂ ಹೆಚ್ಚು.

ಕಿವಿಗೆ ಎಣ್ಣೆ, ಕುತ್ತಿಗೆಗೆ ಪಟ್ಟಿ

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಕಿವಿಗೆ ಬಿಟ್ಟರೆ ತಲೆಸುತ್ತು ನಿಲ್ಲುತ್ತದೆ ಎಂಬುದು ಇನ್ನೊಂದು ಹಳೆಯ ಫಾರ್ವರ್ಡ್. ವಿಯೆನ್ನಾದ ಕಿವಿವೈದ್ಯ ರಾಬರ್ಟ್ ಬಾರಾನಿ ಶತಮಾನದ ಹಿಂದೆಯೇ ಗಮನಿಸಿದ್ದೇನೆಂದರೆ, ಕಿವಿಗೆ ತಣ್ಣೀರು ಬಿಟ್ಟರೆ ರೋಗಿಗೆ ತಲೆ ತಿರುಗಿ ಕಣ್ಣುಗುಡ್ಡೆ ಒಂದು ಕಡೆ ಹೊಡೆದುಕೊಳ್ಳುತ್ತದೆ, ಬಿಸಿನೀರು ಬಿಟ್ಟರೆ ಇನ್ನೊಂದು ಕಡೆ. ಒಳಕಿವಿಯ ಪರೀಕ್ಷೆಗೆ ಇದೇ ಆಧಾರವಾಯಿತು, ಅವರಿಗೆ 1914ರ ನೊಬೆಲ್ ಬಹುಮಾನವೂ ಬಂತು. ಅಂದರೆ ಬಿಸಿ ಎಣ್ಣೆ ತಲೆಸುತ್ತು ನಿಲ್ಲಿಸುವುದಿರಲಿ, ಇಲ್ಲದವರಿಗೂ ತರಿಸಬಲ್ಲದು. ತಮಟೆ ತೂತಾಗಿದ್ದರೆ ಸೋಂಕು ಬೇರೆ.

ಕುತ್ತಿಗೆ ಎಕ್ಸ್‌ರೇ ತೆಗೆಸಿ "ಮೂಳೆ ಸವೆದಿದೆ, ಅದಕ್ಕೇ ತಲೆಸುತ್ತು" ಎನ್ನುವುದೂ ರೂಢಿಯಾಗಿದೆ. ವಯಸ್ಸಾದವರಲ್ಲಿ ತಲೆಸುತ್ತು ಇರಲಿ ಬಿಡಲಿ, ಎಕ್ಸ್‌ರೇಯಲ್ಲಿ ಸವೆತ ಕಾಣುವುದು ಸಾಮಾನ್ಯ. ಆ ಒಂದು ಫಿಲ್ಮ್ ನೋಡಿ ಕಾಲರ್ ಹಾಕಿಕೊಂಡು ತಿಂಗಳುಗಟ್ಟಲೆ ಓಡಾಡುವವರಲ್ಲಿ ಹರಳು ಜಾರಿದವರೇ ಎಷ್ಟೋ ಮಂದಿ ಇರಬಹುದು ಎಂಬುದು ನಮ್ಮ ಅನಿಸಿಕೆ.

ಇನ್ನು ಸೂಜಿಯ ಮಾತು. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಮುಂತಾದ ಆಂಟಿಬಯೊಟಿಕ್ ಇಂಜೆಕ್ಷನ್‌ಗಳು ಒಳಕಿವಿಯ ಕೋಶಗಳನ್ನು ಶಾಶ್ವತವಾಗಿ ಕೆಡಿಸಬಲ್ಲವು. ಕಿವಿ ಚೆನ್ನಾಗಿ ಕೇಳಿಸುತ್ತಲೇ ಇದ್ದು ಸಮತೋಲನ ಮಾತ್ರ ಹೋಗಬಹುದು: ನಡೆದರೆ ಎದುರಿನ ದೃಶ್ಯ ಕುಣಿಯುತ್ತದೆ, ಕತ್ತಲಲ್ಲಿ ನಿಲ್ಲಲಾಗುವುದಿಲ್ಲ. ಜೀವ ಉಳಿಸಲು ಆಸ್ಪತ್ರೆಯಲ್ಲಿ ಅವು ಬೇಕಾಗುತ್ತವೆ, ರಕ್ತ ಪರೀಕ್ಷೆ ಮಾಡಿ ಕೊಡುತ್ತಾರೆ. ಜ್ವರಕ್ಕೆ ಯಾರ ಹತ್ತಿರವೋ ಹೆಸರು ಕೇಳದೆ ಸೂಜಿ ಹಾಕಿಸಿಕೊಳ್ಳುವುದು ಬೇರೆ ಮಾತು. ಇತ್ತೀಚೆಗೆ ಇಂಜೆಕ್ಷನ್ ಕೋರ್ಸು ಆದ ಮೇಲೆ ಓಲಾಟ ಶುರುವಾಗಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು.

ಮಾತ್ರೆ ಹುಡುಕಬಾರದ ತಲೆಸುತ್ತು

ಇದ್ದಕ್ಕಿದ್ದಂತೆ ತಲೆ ತಿರುಗುವುದರ ಜೊತೆಗೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ, ಹಿಡಿದುಕೊಂಡರೂ ನಿಲ್ಲಲಾಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೆ ಈ ಸಾಧ್ಯತೆ ಹೆಚ್ಚು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆ ಸೇರಿ ಸ್ಕ್ಯಾನ್ ಆಗಿರಬೇಕು. ಗೋಪಿನಾಥಂ, ಪೊನ್ನಾಚಿಯಂಥ ಊರುಗಳಿಂದ ದಾರಿಯೇ ಅಷ್ಟು ಹೊತ್ತು ತಿನ್ನುತ್ತದೆ. "ಮೊದಲು ವರ್ಟಿಗೊ ಮಾತ್ರೆ ಕೊಟ್ಟು ನೋಡೋಣ, ಬೆಳಿಗ್ಗೆ ಹೋದರಾಯಿತು" ಎಂದು ಕಾಯುವ ರಾತ್ರಿಯಲ್ಲೇ ಆ ಗಂಟೆಗಳು ಕಳೆದುಹೋಗುತ್ತವೆ. 108ಕ್ಕೆ ಕರೆ ಮಾಡಿ. ಒಂದು ಕಿವಿ ದಿಢೀರನೆ ಕೇಳಿಸದಂತಾದರೂ ಅದೇ ದಿನ ಅಥವಾ ಮರುದಿನ ತೋರಿಸಬೇಕು. ಅದರ ಚಿಕಿತ್ಸೆಗೂ ಹೊತ್ತು ಮೀರುತ್ತದೆ.

ತೋರಿಸಲು ಹೋಗುವಾಗ

ವೈದ್ಯರ ಬಳಿ "ತಲೆಸುತ್ತು" ಎಂಬ ಒಂದು ಪದ ಹೇಳಿ ಸುಮ್ಮನಾಗಬೇಡಿ. ಮನೆ ತಿರುಗುತ್ತದೋ, ಕಣ್ಣು ಕತ್ತಲೆ ಕಟ್ಟುತ್ತದೋ. ಎಷ್ಟು ಹೊತ್ತು ಇರುತ್ತದೆ. ಮಗ್ಗುಲಾದಾಗಲೋ, ಎದ್ದಾಗಲೋ, ಸುಮ್ಮನೆ ಕೂತಾಗಲೋ. ಕಿವಿಯಲ್ಲಿ ಸದ್ದಿದೆಯೋ, ಇಷ್ಟನ್ನು ಹೇಳಿದರೆ ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತದೆ. ತಿರುಗುವಾಗ ಕಣ್ಣುಗುಡ್ಡೆ ಹೊಡೆದುಕೊಳ್ಳುವುದನ್ನು ಮನೆಯವರು ಮೊಬೈಲಿನಲ್ಲಿ ಚಿತ್ರಿಸಿಕೊಂಡರೆ ವೈದ್ಯರಿಗೆ ಬಹಳ ಉಪಯೋಗ. ಸ್ಟ್ರಿಪ್ಪಿನ ಫೋಟೊ ತೆಗೆಯುವ ಅದೇ ಫೋನು, ಇಷ್ಟು ಕೆಲಸ ಮಾಡಲಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧವನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯಿರಿ. ಹೊಸ ಮಾತ್ರೆ ಬರೆದಾಗ "ಇದನ್ನು ಯಾವತ್ತು ನಿಲ್ಲಿಸಬೇಕು?" ಎಂದು ಕೇಳಿ, ಆ ತಾರೀಕನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ.

ತಾಲ್ಲೂಕು ಆಸ್ಪತ್ರೆಯಿಂದ ಮುಂದೆ ಹೋಗಬೇಕಾದರೆ ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಜೊತೆಗೆ ಸಮತೋಲನದ ಪರೀಕ್ಷೆಗಳೂ ನಡೆಯುತ್ತವೆ. ಸಾಮಾನ್ಯ ಸಲಹೆಗೆ 104 ಆರೋಗ್ಯ ಸಹಾಯವಾಣಿ ಇದೆ. ಯಾವುದೇ ಔಷಧದಿಂದ ಅಡ್ಡಪರಿಣಾಮ ಆಯಿತೆಂದು ಅನುಮಾನ ಬಂದರೆ ರೋಗಿಯಾಗಲಿ ಮನೆಯವರಾಗಲಿ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ನೇರವಾಗಿ ವರದಿ ಮಾಡಬಹುದು.